ಎರಡು ಚುಚ್ಚುಮದ್ದು, ಇಪ್ಪತ್ತೆರಡು ವರ್ಷ

1972ರಲ್ಲಿ ಅಮೆರಿಕದ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ನ್ಯೂಜಿಲೆಂಡಿನ ಇಬ್ಬರು ವೈದ್ಯರ ಲೇಖನವೊಂದು ಅಚ್ಚಾಯಿತು. ದಿನ ತುಂಬುವ ಮೊದಲೇ ಹೆರಿಗೆ ಆಗುವಂತಿರುವ ತಾಯಿಗೆ 24 ಗಂಟೆಗಳ ಅಂತರದಲ್ಲಿ ಎರಡು ಚುಚ್ಚುಮದ್ದು ಕೊಟ್ಟರೆ, ಹುಟ್ಟುವ ಮಗು ಉಸಿರಾಡಲಾಗದೆ ಸಾಯುವ ಸಂಭವ ಬಹಳ ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ಔಷಧವೇನೂ ಹೊಸದಲ್ಲ, ದುಬಾರಿಯೂ ಅಲ್ಲ. ಬೇರೆ ಕಾಯಿಲೆಗಳಿಗೆ ವೈದ್ಯರು ಆಗಲೇ ಬಳಸುತ್ತಿದ್ದ ಸ್ಟೀರಾಯ್ಡ್ ಅದು. ಆದರೂ ಇಂಥ ತಾಯಂದಿರಿಗೆ ಇದನ್ನು ಕೊಡಲೇಬೇಕು ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ತಜ್ಞರ ಸಭೆ ಅಲ್ಲಿನ ವೈದ್ಯರಿಗೆ ಖಚಿತವಾಗಿ ಹೇಳಿದ್ದು 1994ರಲ್ಲಿ. ನಡುವೆ ಇಪ್ಪತ್ತೆರಡು ವರ್ಷ ಕಳೆದಿತ್ತು. ಅಷ್ಟು ಕಾಲ, ಉಳಿಯಬಹುದಾಗಿದ್ದ ಮಕ್ಕಳು ಸಾಯುತ್ತಲೇ ಇದ್ದರು.

ವೈದ್ಯರು ಕಾಲೇಜಿನಲ್ಲಿ ಕಲಿಯುವುದು ಐದಾರು ವರ್ಷ, ಹೆಚ್ಚೆಂದರೆ ಹತ್ತು ವರ್ಷ. ಆಮೇಲೆ ಮೂವತ್ತು ನಲವತ್ತು ವರ್ಷ ರೋಗಿಗಳನ್ನು ನೋಡುತ್ತಾರೆ. ಆ ಅವಧಿಯಲ್ಲಿ ಹುಟ್ಟುವ ಹೊಸ ತಿಳಿವು ಅವರನ್ನು ತಲುಪುವುದು ಹೇಗೆ? ಇದಕ್ಕೆಂದೇ ಸಿಎಂಇ ಎಂಬ ನಿರಂತರ ವೈದ್ಯಕೀಯ ಶಿಕ್ಷಣದ ಏರ್ಪಾಡು ಇದೆ: ಉಪನ್ಯಾಸಗಳು, ಸಮ್ಮೇಳನಗಳು, ಪ್ರಮಾಣಪತ್ರಗಳು. ಆ ಏರ್ಪಾಡು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಈ ಎರಡು ಚುಚ್ಚುಮದ್ದುಗಳ ಚರಿತ್ರೆ ಚೆನ್ನಾಗಿ ತೋರಿಸುತ್ತದೆ. ಆಕ್ಲೆಂಡಿನಲ್ಲಿ ಶುರುವಾದ ಈ ಕಥೆಯ ಕೊನೆಯ ಅಧ್ಯಾಯಗಳು ನಡೆದದ್ದು ಬೆಳಗಾವಿಯಂಥ ಊರುಗಳಲ್ಲಿ.

ಉಸಿರಿನ ಕಷ್ಟ

ಗರ್ಭದಲ್ಲಿರುವ ಮಗುವಿನ ಶ್ವಾಸಕೋಶದಲ್ಲಿ ಗಾಳಿ ಇರುವುದಿಲ್ಲ, ದ್ರವ ತುಂಬಿರುತ್ತದೆ. ಹುಟ್ಟಿದ ಕ್ಷಣದಿಂದ ಅಲ್ಲಿನ ಕೋಟ್ಯಂತರ ಪುಟ್ಟ ಗಾಳಿಗೂಡುಗಳು ಅರಳಬೇಕು. ಗಾಳಿಗೂಡಿನ ಒಳಮೈ ಒದ್ದೆಯಾಗಿರುವುದರಿಂದ, ನೀರು ಹಿಡಿದ ಪ್ಲಾಸ್ಟಿಕ್ ಚೀಲದ ಎರಡು ಪದರಗಳಂತೆ ಅದರ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳಲು ನೋಡುತ್ತವೆ. ಹಾಗಾಗದಂತೆ ತಡೆಯುವುದು ಶ್ವಾಸಕೋಶವೇ ತಯಾರಿಸುವ, ಒಂದು ರೀತಿಯಲ್ಲಿ ಸಾಬೂನಿನಂತೆ ಕೆಲಸ ಮಾಡುವ ಸರ್ಫ್ಯಾಕ್ಟೆಂಟ್ ಎಂಬ ವಸ್ತು. ಗರ್ಭದ ಕೊನೆಯ ವಾರಗಳಲ್ಲಿ ಮಾತ್ರ ಅದು ಸಾಕಷ್ಟು ಪ್ರಮಾಣದಲ್ಲಿ ಸಿದ್ಧವಾಗುತ್ತದೆ. ಅದಕ್ಕೆ ಮೊದಲೇ ಹುಟ್ಟಿದ ಮಗು ಪ್ರತಿ ಉಸಿರಿಗೂ ಮೊದಲ ಉಸಿರಿನಷ್ಟೇ ಕಷ್ಟಪಟ್ಟು, ಒಂದೆರಡು ದಿನಗಳಲ್ಲಿ ದಣಿದು ಸೋಲುತ್ತದೆ.

ಈ ಮಕ್ಕಳ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟೆಂಟ್ ಕೊರತೆ ಇದೆ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದರು. ಕಾರಣ ತಿಳಿಯಿತು, ಮದ್ದು ಸಿಗಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಐದು ವಾರಗಳಿಗೂ ಮುಂಚಿತವಾಗಿ ಹುಟ್ಟಿದ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಒಯ್ದು, ಹೆಚ್ಚಿನ ಒತ್ತಡದ ಆಮ್ಲಜನಕದ ಕೋಣೆಯಲ್ಲಿಟ್ಟು ನೋಡಿದರೂ ಎರಡೇ ದಿನದಲ್ಲಿ ತೀರಿಕೊಂಡ. ಅಧ್ಯಕ್ಷರ ಮಗುವಿಗೂ ಕೊಡಲು ಆಗ ಹೆಚ್ಚಿನದೇನೂ ಇರಲಿಲ್ಲ.

ಸಾಯಬೇಕಿದ್ದ ಕುರಿಮರಿ

ಆಕ್ಲೆಂಡಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯ ಪ್ರಸೂತಿ ತಜ್ಞ ಗ್ರಹಾಂ ಲಿಗಿನ್ಸ್ ಹುಡುಕುತ್ತಿದ್ದದ್ದು ಬೇರೆಯದೇ ಪ್ರಶ್ನೆಗೆ ಉತ್ತರ. ಹೆರಿಗೆ ಯಾವಾಗ ಶುರುವಾಗಬೇಕೆಂದು ತೀರ್ಮಾನಿಸುವವರು ಯಾರು, ತಾಯಿಯೋ ಮಗುವೋ? ಕುರಿಗಳನ್ನು ಕಡಿದು ತಿನ್ನುವುದಕ್ಕೂ ಉಣ್ಣೆಗೂ ಸಾಕುವ ನಾಡಿನಲ್ಲಿ ಪ್ರಯೋಗಕ್ಕೆ ಕುರಿ ಸುಲಭವಾಗಿ ಸಿಗುತ್ತಿತ್ತು. ಗರ್ಭದಲ್ಲಿದ್ದ ಮರಿಗೆ ಸ್ಟೀರಾಯ್ಡ್ ಹನಿಸಿದರೆ ಅವಧಿಗೆ ಮುನ್ನವೇ ಹೆರಿಗೆ ಆಗುವುದನ್ನು ಅವರು ಕಂಡರು. ಅದರ ಜೊತೆಗೆ ನಿರೀಕ್ಷಿಸದೇ ಇದ್ದ ಇನ್ನೊಂದೂ ಕಣ್ಣಿಗೆ ಬಿತ್ತು. ಅಷ್ಟು ಎಳೆಯ ಮರಿ ಉಸಿರಾಡಲಾರದೆ ಸಾಯಬೇಕಿತ್ತು, ಆದರೆ ಒಂದು ಮರಿ ಉಸಿರಾಡುತ್ತಿತ್ತು. ಆಮೇಲೆ ಪರೀಕ್ಷಿಸಿದಾಗ ಅದರ ಶ್ವಾಸಕೋಶಕ್ಕೆ ಗಾಳಿ ಹೊಕ್ಕಿತ್ತು. ಸ್ಟೀರಾಯ್ಡು ಶ್ವಾಸಕೋಶವನ್ನು ಬೇಗ ಮಾಗಿಸಿರಬಹುದು ಎಂಬ ಊಹೆಯನ್ನು 1969ರ ಲೇಖನದಲ್ಲಿ ಅವರು ಬರೆದರು.

ಅದೇ ವರ್ಷದ ಕೊನೆಗೆ ಮಕ್ಕಳ ತಜ್ಞ ರಾಸ್ ಹೌವಿ ಜೊತೆ ಸೇರಿ ಮನುಷ್ಯರಲ್ಲಿ ಪರೀಕ್ಷೆ ಆರಂಭಿಸಿದರು. ಯಾರಿಗೆ ನಿಜವಾದ ಔಷಧ, ಯಾರಿಗೆ ಅಲ್ಲ ಎಂಬುದನ್ನು ವೈದ್ಯರ ಆಯ್ಕೆಗೆ ಬಿಡದೆ ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಯಿತು. 1972ರ ಲೇಖನ 282 ತಾಯಂದಿರ ಲೆಕ್ಕ ಕೊಟ್ಟಿತು. ಬೀಟಾಮೆಥಾಸೋನ್ ಪಡೆದವರ ಮಕ್ಕಳಲ್ಲಿ ಉಸಿರಾಟದ ಕಾಯಿಲೆ ಬಂದದ್ದು ಶೇ. 9ರಷ್ಟು ಮಕ್ಕಳಿಗೆ, ಪಡೆಯದವರಲ್ಲಿ ಶೇ. 25.8ರಷ್ಟು. ಹುಟ್ಟಿದ ಮೊದಲ ದಿನಗಳಲ್ಲಿ ಸತ್ತ ಮಕ್ಕಳ ಪ್ರಮಾಣ ಶೇ. 3.2 ಮತ್ತು ಶೇ. 15.

ಕೇಳಿಯೂ ಕೇಳದ ಮಾತು

ಇಷ್ಟು ದೊಡ್ಡ ಅಂತರ ಕಂಡ ಮೇಲೂ ವೈದ್ಯರು ಹಿಂಜರಿದರು. ಹಿಂಜರಿಕೆಯನ್ನೆಲ್ಲ ಸೋಮಾರಿತನ ಎನ್ನುವಂತಿಲ್ಲ. ಬಸುರಿಯರಿಗೆ ಕೊಟ್ಟ ಥಾಲಿಡೊಮೈಡ್ ಮಾತ್ರೆಯಿಂದ ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದ ಸಂಗತಿ 1961ರಲ್ಲಷ್ಟೇ ಬಯಲಾಗಿತ್ತು. ಗರ್ಭಪಾತ ತಡೆಯುತ್ತದೆಂದು ಕೊಡುತ್ತಿದ್ದ, ಹಾರ್ಮೋನಿನಂತೆ ವರ್ತಿಸುವ ಡಿಇಎಸ್ ಎಂಬ ಔಷಧ ಇನ್ನೂ ಹತ್ತಿರದ ನೆನಪು. ಅದರಿಂದ ಪ್ರಯೋಜನವಿಲ್ಲ ಎಂದು 1953ರಲ್ಲೇ ಷಿಕಾಗೊದ ಪರೀಕ್ಷೆಯೊಂದು ತೋರಿಸಿತ್ತು. ಆದರೂ ಬರೆದುಕೊಡುವುದು ನಿಲ್ಲಲಿಲ್ಲ. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡದ್ದು 1971ರಲ್ಲಿ ಗೊತ್ತಾಯಿತು. ಮರುವರ್ಷವೇ ಯಾರೋ ಬಂದು ಬಸುರಿಗೆ ಮತ್ತೊಂದು ಔಷಧ ಕೊಡಿ ಎಂದರೆ ವಿವೇಕಿಯಾದ ವೈದ್ಯರು ಎರಡು ಸಲ ಯೋಚಿಸುವುದು ಸಹಜ.

ಎರಡನೆಯ ತೊಡಕು ಈ ಚಿಕಿತ್ಸೆಯ ಸ್ವರೂಪದಲ್ಲೇ ಇತ್ತು. ಚುಚ್ಚುಮದ್ದು ಕೊಡಬೇಕಾದವರು ಪ್ರಸೂತಿ ವಿಭಾಗದವರು. ಫಲ ಕಾಣುವುದು ಮಕ್ಕಳ ವಿಭಾಗದಲ್ಲಿ. ಲೇಖನ ಬಂದದ್ದೂ ಮಕ್ಕಳ ತಜ್ಞರು ಓದುವ ಪತ್ರಿಕೆಯಲ್ಲಿ. ಮಗು ಬದುಕಿದರೂ ಅದು ಚುಚ್ಚುಮದ್ದಿನಿಂದ ಬದುಕಿತೋ ತಾನಾಗಿಯೇ ಬದುಕುತ್ತಿತ್ತೋ ಎಂದು ಹೇಳಲು ಒಬ್ಬ ವೈದ್ಯರ ಅನುಭವ ಸಾಲದು. ನೂರಾರು ಹೆರಿಗೆಗಳ ಲೆಕ್ಕವನ್ನು ಒಟ್ಟಿಗೆ ನೋಡಿದಾಗ ಮಾತ್ರ ಅದು ಕಾಣುತ್ತದೆ.

ಮೂರನೆಯದು, ಆಮೇಲೆ ನಡೆದ ಪರೀಕ್ಷೆಗಳು. ಹಲವು ದೇಶಗಳಲ್ಲಿ ಪರೀಕ್ಷೆಗಳೇನೋ ನಡೆದವು, ಆದರೆ ಹೆಚ್ಚಿನವು ಚಿಕ್ಕವು. ಒಂದೊಂದನ್ನೇ ಓದಿದರೆ 'ಪ್ರಯೋಜನ ಇರಬಹುದು, ಖಚಿತವಿಲ್ಲ' ಎನ್ನುವಂತಿದ್ದವು. 1981ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯೊಂದು ಪ್ರಯೋಜನ ಮುಖ್ಯವಾಗಿ ಹೆಣ್ಣು ಶಿಶುಗಳಿಗೆ ಎಂಬ ಗೊಂದಲ ಹುಟ್ಟಿಸಿತು. ಅನುಮಾನಪಡುವವರಿಗೆ ತಮ್ಮ ಅನುಮಾನಕ್ಕೆ ಒದಗುವ ಒಂದು ಲೇಖನ ಯಾವಾಗಲೂ ಕೈಗೆ ಸಿಗುತ್ತಿತ್ತು.

ಮರದ ಸೌಟಿನ ಬಹುಮಾನ

ಲಿಗಿನ್ಸ್ ಮತ್ತು ಹೌವಿ ಲೇಖನ ಬಂದ 1972ರಲ್ಲೇ ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರನ್ ಒಂದು ಸಣ್ಣ ಪುಸ್ತಕ ಬರೆದಿದ್ದರು. ವೈದ್ಯರು ಮಾಡುವ ಎಷ್ಟೋ ಕೆಲಸಗಳಿಗೆ ಸರಿಯಾದ ಪುರಾವೆಯೇ ಇಲ್ಲ ಎಂಬುದು ಅದರ ವಾದ. 1979ರಲ್ಲಿ ಅವರು ವೈದ್ಯಕೀಯದ ಎಲ್ಲ ವಿಭಾಗಗಳನ್ನು ಹೋಲಿಸಿ, ಪುರಾವೆ ಬಳಸುವುದರಲ್ಲಿ ಎಲ್ಲರಿಗಿಂತ ಹಿಂದುಳಿದ ಪ್ರಸೂತಿ ವಿಭಾಗಕ್ಕೆ 'ಮರದ ಸೌಟು' ಸಲ್ಲಬೇಕು ಎಂದರು. ಪಂದ್ಯದಲ್ಲಿ ಕೊನೆಗೆ ಬಂದವರಿಗೆ ಇಂಗ್ಲಿಷರು ತಮಾಷೆಗೆ ಕೊಡುವ ಬಹುಮಾನ ಅದು.

ಈ ಚುಚ್ಚು ಮಾತನ್ನು ಗಂಭೀರವಾಗಿ ತೆಗೆದುಕೊಂಡವರು ಇಯಾನ್ ಚಾಮರ್ಸ್. 1970ರ ಸುಮಾರಿಗೆ ಅವರು ಗಾಜಾದ ನಿರಾಶ್ರಿತರ ಶಿಬಿರಗಳಲ್ಲಿ ವೈದ್ಯರಾಗಿದ್ದರು. ದಡಾರ ವೈರಸ್ಸಿನಿಂದ ಬರುವ ರೋಗವಾದ್ದರಿಂದ ಅದಕ್ಕೆ ಆ್ಯಂಟಿಬಯಾಟಿಕ್ ಕೊಡಬಾರದು ಎಂದು ಅವರಿಗೆ ಕಾಲೇಜಿನಲ್ಲಿ ಕಲಿಸಿದ್ದರು. ಅವರು ಅದನ್ನೇ ಪಾಲಿಸಿದರು. ದಡಾರದ ಬೆನ್ನಿಗೆ ಬರುವ ಬ್ಯಾಕ್ಟೀರಿಯಾ ಸೋಂಕನ್ನು ಆ ಔಷಧ ತಡೆಯಬಲ್ಲದು ಎಂಬ ಪುರಾವೆ ಮೊದಲೇ ಇತ್ತೆಂದು ಅವರಿಗೆ ತಿಳಿದದ್ದು ಬಹಳ ತಡವಾಗಿ. ಗುರುಗಳ ಮಾತು ನಂಬಿ ನಡೆದದ್ದಕ್ಕೆ ತಮ್ಮ ಕೈಕೆಳಗೆ ಮಕ್ಕಳು ಸತ್ತಿರಬಹುದು ಎಂದು ಅವರು ಮುಂದೆ ಬಹಿರಂಗವಾಗಿಯೇ ಹೇಳುತ್ತಿದ್ದರು.

1978ರಲ್ಲಿ ಆಕ್ಸ್‌ಫರ್ಡಿನಲ್ಲಿ ಶುರುವಾದ ಸಂಶೋಧನಾ ಘಟಕವೊಂದರ ಮುಖ್ಯಸ್ಥರಾದ ಚಾಮರ್ಸ್ ಮತ್ತು ಜೊತೆಯವರು, ಬಸಿರು ಬಾಣಂತನಕ್ಕೆ ಸಂಬಂಧಿಸಿದ ಪರೀಕ್ಷೆಗಳನ್ನೆಲ್ಲ ಜಗತ್ತಿನ ಮೂಲೆಮೂಲೆಗಳಿಂದ ಹುಡುಕಿ ತೆಗೆಯತೊಡಗಿದರು. ಡಬ್ಲಿನ್ನಿನ ಪ್ರಸೂತಿ ತಜ್ಞೆ ಪೆಟ್ರೀಷಿಯಾ ಕ್ರೌಲಿ ಸ್ಟೀರಾಯ್ಡ್ ಪರೀಕ್ಷೆಗಳನ್ನು ಒಂದೆಡೆ ತಂದು ಒಟ್ಟು ಲೆಕ್ಕ ಹಾಕಿದರು. ಬಿಡಿಬಿಡಿಯಾಗಿ ತೊದಲುತ್ತಿದ್ದ ಪರೀಕ್ಷೆಗಳು ಒಟ್ಟಿಗೆ ಕೂತಾಗ ಸ್ಪಷ್ಟವಾಗಿ ಮಾತಾಡಿದವು: ಚಿಕಿತ್ಸೆ ಮಕ್ಕಳನ್ನು ಉಳಿಸುತ್ತದೆ, ಗಂಡಾಗಲಿ ಹೆಣ್ಣಾಗಲಿ. ಈ ಲೆಕ್ಕ 1989ರಲ್ಲಿ ಬಂದ ಎರಡು ಸಂಪುಟಗಳ ಬೃಹತ್ ಗ್ರಂಥದಲ್ಲಿ ಸೇರಿತು. ಅದಕ್ಕೆ ಮುನ್ನುಡಿ ಬರೆದ ಕಾಕ್ರನ್, ಮರದ ಸೌಟನ್ನು ಹಿಂದಕ್ಕೆ ತೆಗೆದುಕೊಂಡರು. 1988ರಲ್ಲಿ ತೀರಿಕೊಂಡ ಅವರು ಗ್ರಂಥವನ್ನು ಅಚ್ಚಿನಲ್ಲಿ ನೋಡಲಿಲ್ಲ.

1993ರಲ್ಲಿ ಅವರ ಹೆಸರಿನಲ್ಲೇ ಕಾಕ್ರನ್ ಸಹಯೋಗ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅದರ ಲಾಂಛನದಲ್ಲಿರುವ ಅಡ್ಡಗೆರೆಗಳು ಈ ಸ್ಟೀರಾಯ್ಡ್ ಪರೀಕ್ಷೆಗಳೇ. ಒಂದೊಂದು ಗೆರೆ ಒಂದೊಂದು ಪರೀಕ್ಷೆ. ಕೆಳಗಿನ ವಜ್ರಾಕೃತಿ ಅವೆಲ್ಲದರ ಒಟ್ಟು ಫಲ. ಗೆರೆಗಳಲ್ಲಿ ಹಲವು ನಡುಗಂಬವನ್ನು ಮುಟ್ಟುತ್ತವೆ, ಅಂದರೆ ಅವು ಒಂಟಿಯಾಗಿ ಏನನ್ನೂ ಖಚಿತವಾಗಿ ಹೇಳವು. ವಜ್ರ ಮಾತ್ರ ಕಂಬದಿಂದ ದೂರ, ಎಡಕ್ಕೆ ಇದೆ. ಸುಂದರವಾದ ಆ ಚಿತ್ರ ನಿಜಕ್ಕೂ ತಡವಾದುದರ ದಾಖಲೆ. ಯಾರೂ ಒಟ್ಟುಗೂಡಿಸದೇ ಇದ್ದುದರಿಂದ ಹತ್ತಾರು ಸಾವಿರ ಶಿಶುಗಳು ಅನ್ಯಾಯವಾಗಿ ಸತ್ತಿರಬಹುದು ಎಂದು ಸಂಸ್ಥೆಯೇ ಹೇಳಿಕೊಂಡಿದೆ.

ಕಲಿಸುವುದನ್ನೇ ಪರೀಕ್ಷೆಗೆ ಒಡ್ಡಿದಾಗ

1994ರ ಫೆಬ್ರವರಿ ಕೊನೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ಸಭೆ, 24ರಿಂದ 34 ವಾರಗಳ ನಡುವೆ ಹೆರಿಗೆಯಾಗುವ ಸಂಭವವಿರುವ ತಾಯಂದಿರಿಗೆ ಈ ಚಿಕಿತ್ಸೆ ಕೊಡಬೇಕೆಂದು ಶಿಫಾರಸು ಮಾಡಿತು. ಅಲ್ಲಿಯವರೆಗೆ ಅರ್ಹರಾದ ತಾಯಂದಿರಲ್ಲಿ ಹೆಚ್ಚಿನವರಿಗೆ ಅದು ಸಿಗುತ್ತಿರಲಿಲ್ಲ. ಈಗ ಶಿಫಾರಸು ಇದೆ, ಪ್ರಸೂತಿ ತಜ್ಞರ ಸಂಘದ ಒಪ್ಪಿಗೆಯೂ ಇದೆ. ಹೊರಡಿಸಿದರೆ ಸಾಕೇ, ಅಥವಾ ಆಸ್ಪತ್ರೆಗೆ ಹೋಗಿ ಕಲಿಸಬೇಕೇ?

ಇದನ್ನೇ ತಿಳಿಯಲು ಸಂಶೋಧಕರು 27 ದೊಡ್ಡ ಆಸ್ಪತ್ರೆಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರು. 14 ಆಸ್ಪತ್ರೆಗಳಿಗೆ ಎಲ್ಲರಿಗೂ ತಲುಪುವಂತೆ ಪ್ರಕಟವಾದ ಶಿಫಾರಸು ಮಾತ್ರ. ಉಳಿದ 13ರಲ್ಲಿ ಅದರ ಜೊತೆಗೆ ಒಂದು ವರ್ಷದ ಕಲಿಕೆ: ಆಸ್ಪತ್ರೆಯವರೇ ಆದ, ಮಾತಿಗೆ ಬೆಲೆಯಿರುವ ಒಬ್ಬ ವೈದ್ಯರು ಮತ್ತು ಒಬ್ಬ ನರ್ಸ್ ಮುಂದಾಳಾಗಿ, ಉಪನ್ಯಾಸ ಏರ್ಪಡಿಸಿದರು, ಕೇಸ್ ಹಿಡಿದು ಚರ್ಚಿಸಿದರು, ರೋಗಿಯ ಕಡತದಲ್ಲೇ ನೆನಪೋಲೆ ಇಟ್ಟರು. ಎಷ್ಟು ಜನ ತಾಯಂದಿರಿಗೆ ಕೊಟ್ಟಿರಿ, ಎಷ್ಟು ಜನ ತಪ್ಪಿಹೋದರು ಎಂಬ ಲೆಕ್ಕವನ್ನು ಆಗಾಗ ವೈದ್ಯರ ಮುಂದಿಟ್ಟರು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಶಿಫಾರಸು ಮಾತ್ರ ತಲುಪಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದ ಅರ್ಹ ತಾಯಂದಿರ ಪ್ರಮಾಣ ಶೇ. 33ರಿಂದ 57.6ಕ್ಕೆ ಏರಿತ್ತು. ವರ್ಷವಿಡೀ ಕಲಿಸಿದ ಕಡೆ ಶೇ. 32.9ರಿಂದ 68.3ಕ್ಕೆ.

ಈ ಅಂಕಿಗಳಲ್ಲಿ ಎರಡು ಸಂಗತಿಗಳಿವೆ. ಅಧಿಕಾರವುಳ್ಳ ಸಂಸ್ಥೆ ಸ್ಪಷ್ಟವಾಗಿ ಮಾತಾಡಿದರೆ ವೈದ್ಯರು ಕೇಳುತ್ತಾರೆ. ಆಸ್ಪತ್ರೆಯ ಒಳಗೇ ನಿಂತು, ಅಲ್ಲಿನ ಕೇಸುಗಳ ಮೇಲೇ ಕಲಿಸಿದರೆ ಇನ್ನೂ ಹೆಚ್ಚು ಕೇಳುತ್ತಾರೆ. ಅದೇ ವರ್ಷ ಪ್ರಕಟವಾದ ಇನ್ನೊಂದು ಸಮೀಕ್ಷೆ, ಬರೀ ಉಪನ್ಯಾಸ ಕೇಳಿ ಎದ್ದುಹೋಗುವ ಸಭೆಗಳಿಂದ ವೈದ್ಯರ ನಡವಳಿಕೆ ಬದಲಾಗುವುದು ಕಾಣುತ್ತಿಲ್ಲ ಎಂದಿತು.

ಆದರೆ ಕಲಿತವರು ಕೆಲವೊಮ್ಮೆ ಕಲಿಸಿದ್ದಕ್ಕಿಂತ ಮುಂದೆ ಹೋಗುತ್ತಾರೆ. ಒಮ್ಮೆ ಕೊಟ್ಟರೆ ಒಳ್ಳೆಯದಾದರೆ ಹೆರಿಗೆ ಆಗುವ ತನಕ ವಾರವಾರವೂ ಕೊಟ್ಟರೆ ಇನ್ನೂ ಒಳ್ಳೆಯದು ಎಂಬ ರೂಢಿ ಹಬ್ಬಿತು. ಅದಕ್ಕೆ ಪುರಾವೆ ಇರಲಿಲ್ಲ. 2000ದ ಆಗಸ್ಟ್‌ನಲ್ಲಿ ಮತ್ತೆ ಸಭೆ ಸೇರಿ, ಪದೇಪದೇ ಕೊಡುವುದನ್ನು ವಾಡಿಕೆ ಮಾಡಿಕೊಳ್ಳಬೇಡಿ ಎಂದು ಹೇಳಬೇಕಾಯಿತು. ಇತ್ತ ಆಕ್ಲೆಂಡಿನ ಮೊದಲ ಪರೀಕ್ಷೆಯ ಮಕ್ಕಳು ಮೂವತ್ತರ ಪ್ರಾಯಕ್ಕೆ ಬಂದಿದ್ದರು. ಅವರನ್ನು ಹುಡುಕಿ ಪರೀಕ್ಷಿಸಿದ ವರದಿ 2005ರಲ್ಲಿ ಬಂತು. ಎತ್ತರ, ತೂಕ, ರಕ್ತದೊತ್ತಡದಲ್ಲಿ ವ್ಯತ್ಯಾಸವಿರಲಿಲ್ಲ. ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ರೀತಿಯಲ್ಲಿ ಮಾತ್ರ ಸಣ್ಣ ಬದಲಾವಣೆ ಕಂಡಿತು. 1972ರ ವೈದ್ಯರ ಭಯಕ್ಕೆ ಉತ್ತರ ಸಿಗಲು ಒಂದು ತಲೆಮಾರು ಬೆಳೆಯಬೇಕಾಯಿತು.

ಬೆಳಗಾವಿಯ ಪಾಠ

ದಿನ ತುಂಬದ ಮಕ್ಕಳು ಹೆಚ್ಚು ಹುಟ್ಟುವುದು ಅಮೆರಿಕದಲ್ಲಿ ಅಲ್ಲ. 2020ರಲ್ಲಿ ಜಗತ್ತಿನಲ್ಲಿ ಅಂದಾಜು 1.34 ಕೋಟಿ ಮಕ್ಕಳು ಹಾಗೆ ಹುಟ್ಟಿದರು. ಸುಮಾರು 30 ಲಕ್ಷ ಮಕ್ಕಳು ಭಾರತದವರು. ಹೀಗಾಗಿ ಹೊಸ ಶತಮಾನದಲ್ಲಿ ಪ್ರಶ್ನೆ ಬದಲಾಯಿತು. ದೊಡ್ಡಾಸ್ಪತ್ರೆಗಳಿಗೆ ಬರುವ ಮೊದಲೇ, ಹಳ್ಳಿಯಲ್ಲೇ, ದಾದಿಯರ ಕೈಯಿಂದಲೇ ಈ ಚುಚ್ಚುಮದ್ದು ಕೊಡಿಸಿದರೆ ಹೇಗೆ?

ಅದನ್ನು ನೋಡಲು ಅರ್ಜೆಂಟೀನಾ, ಗ್ವಾಟೆಮಾಲಾ, ಕೀನ್ಯಾ, ಜಾಂಬಿಯಾ, ಪಾಕಿಸ್ತಾನ ಮತ್ತು ಭಾರತದಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಭಾರತದಲ್ಲಿ ಎರಡು ಕೇಂದ್ರಗಳು, ಬೆಳಗಾವಿ ಮತ್ತು ನಾಗಪುರ. ಒಂದು ಗುಂಪಿನ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಡೆಕ್ಸಾಮೆಥಾಸೋನ್ ಔಷಧ, ಸಿರಿಂಜು ಇರುವ ಕಿಟ್ ಕೊಟ್ಟರು. ಎಷ್ಟು ತಿಂಗಳಾಗಿದೆ ಎಂದು ಗೊತ್ತಿಲ್ಲದ ಬಸುರಿಯರ ಹೊಟ್ಟೆ ಅಳೆದು ಅಂದಾಜಿಸಲು ಬಣ್ಣದ ಗುರುತಿನ ಟೇಪನ್ನೂ ಕೊಟ್ಟರು. ಸುಮಾರು ಒಂದು ಲಕ್ಷ ಹೆರಿಗೆಗಳ ಲೆಕ್ಕ ಸಿಕ್ಕಿತು.

ಕಲಿಸುವ ದೃಷ್ಟಿಯಿಂದ ಇದು ಗೆಲುವು. ಬಹಳ ಸಣ್ಣಗೆ ಹುಟ್ಟಿದ ಮಕ್ಕಳ ತಾಯಂದಿರಲ್ಲಿ ಚಿಕಿತ್ಸೆ ಪಡೆದವರು ತರಬೇತಿ ಇಲ್ಲದ ಕಡೆ ಶೇ. 10, ತರಬೇತಿ ಇದ್ದ ಕಡೆ ಶೇ. 45. ಆದರೆ ಆ ಸಣ್ಣ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಎಲ್ಲ ಮಕ್ಕಳನ್ನೂ ಸೇರಿಸಿ ನೋಡಿದರೆ ತರಬೇತಿ ಇದ್ದ ಕಡೆ ಸಾವು ಹೆಚ್ಚೇ ಇತ್ತು: ಜೀವಂತ ಹುಟ್ಟಿದ ಸಾವಿರ ಮಕ್ಕಳಿಗೆ 27.4, ಇನ್ನೊಂದು ಕಡೆ 23.9. ತಾಯಂದಿರಲ್ಲಿ ಸೋಂಕಿನ ಸಂಶಯವೂ ಹೆಚ್ಚಿತ್ತು. ಚುಚ್ಚುಮದ್ದು ಪಡೆದ ತಾಯಂದಿರಲ್ಲಿ ಬಹುಪಾಲಿನವರ ಮಕ್ಕಳು ಅಷ್ಟೇನೂ ಸಣ್ಣವಾಗಿ ಹುಟ್ಟಿರಲಿಲ್ಲ. ಅಂದರೆ ಬೇಕಿಲ್ಲದ ಅನೇಕರಿಗೆ ಔಷಧ ಹೋಗಿತ್ತು. ಬೇಕಾಗಿದ್ದ ಮಕ್ಕಳಲ್ಲೂ ಎಷ್ಟೋ ಮಂದಿಗೆ ಹುಟ್ಟಿದ ಮೇಲೆ ಆಮ್ಲಜನಕ, ಬೆಚ್ಚಗಿನ ಆರೈಕೆ, ಸೋಂಕಿಗೆ ಚಿಕಿತ್ಸೆ ದೊರೆಯುವ ಆಸ್ಪತ್ರೆ ಹತ್ತಿರವಿರಲಿಲ್ಲ.

ಈ ಫಲಿತಾಂಶ ಹೊರಬಿದ್ದದ್ದು 2014ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಭಾರತ ಸರ್ಕಾರ ತನ್ನ ಮಾರ್ಗಸೂಚಿ ಹೊರಡಿಸಿತ್ತು. 24ರಿಂದ 34 ವಾರಗಳ ನಡುವೆ ಹೆರಿಗೆ ನೋವು ಬಂದರೆ 12 ಗಂಟೆಗೊಮ್ಮೆ 6 ಮಿಲಿಗ್ರಾಂನಂತೆ ನಾಲ್ಕು ಸಲ ಡೆಕ್ಸಾಮೆಥಾಸೋನ್ ಕೊಡಬೇಕು, ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಚುಚ್ಚುಮದ್ದನ್ನು ಎಎನ್‌ಎಂ ಕೊಡಬಹುದು ಎಂದು ಅದು ಹೇಳಿತ್ತು. ಮುಂದಿನ ವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸಿಗೆ ಷರತ್ತುಗಳನ್ನು ಸೇರಿಸಿತು: ಎಷ್ಟು ವಾರವಾಗಿದೆ ಎಂಬುದು ಸರಿಯಾಗಿ ಗೊತ್ತಿರಬೇಕು, ಹೆರಿಗೆ ನಿಜಕ್ಕೂ ಸಮೀಪಿಸಿರಬೇಕು, ತಾಯಿಗೆ ಸೋಂಕು ಇರಬಾರದು, ತಾಯಿ ಮಗು ಇಬ್ಬರಿಗೂ ಸಾಕಷ್ಟು ಆರೈಕೆ ಅಲ್ಲಿ ದೊರೆಯುವಂತಿರಬೇಕು.

ಹಾಗಾದರೆ ಬಡ ದೇಶಗಳಲ್ಲಿ ಈ ಔಷಧ ಕೆಲಸ ಮಾಡುವುದೇ ಇಲ್ಲವೇ? ಈ ಅನುಮಾನ ನಿವಾರಿಸಲು ವಿಶ್ವ ಆರೋಗ್ಯ ಸಂಸ್ಥೆ ಮತ್ತೊಂದು ಪರೀಕ್ಷೆ ನಡೆಸಿತು. ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ ಮತ್ತು ಪಾಕಿಸ್ತಾನದ 29 ಆಸ್ಪತ್ರೆಗಳು ಅದರಲ್ಲಿದ್ದವು. ಈ ಸಲವೂ ಬೆಳಗಾವಿಯ ಸಂಶೋಧಕರು ಭಾಗಿಯಾದರು. ವ್ಯತ್ಯಾಸ ಇದ್ದದ್ದು ಸುತ್ತಲಿನ ವ್ಯವಸ್ಥೆಯಲ್ಲಿ. ಸ್ಕ್ಯಾನಿಂಗ್ ಮಾಡಿ ವಾರಗಳನ್ನು ಖಚಿತಪಡಿಸಿಕೊಂಡರು, ಹುಟ್ಟಿದ ಮಗುವನ್ನು ನೋಡಿಕೊಳ್ಳಬಲ್ಲ ಆಸ್ಪತ್ರೆಗಳನ್ನೇ ಆರಿಸಿದರು. 2852 ತಾಯಂದಿರು ಸೇರಿದ್ದರು. ಪ್ರಯೋಜನ ಸ್ಪಷ್ಟವಾಗಿದ್ದರಿಂದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಲಾಯಿತು. 2020ರಲ್ಲಿ ಪ್ರಕಟವಾದ ವರದಿಯ ಪ್ರಕಾರ ನವಜಾತ ಶಿಶುಗಳ ಸಾವು ಔಷಧ ಪಡೆಯದವರಲ್ಲಿ ಶೇ. 23.5, ಪಡೆದವರಲ್ಲಿ ಶೇ. 19.6. ಇಪ್ಪತ್ತೈದು ತಾಯಂದಿರಿಗೆ ಚಿಕಿತ್ಸೆ ಕೊಟ್ಟರೆ ಒಂದು ಮಗು ಹೆಚ್ಚು ಉಳಿಯುತ್ತದೆ. ತಾಯಂದಿರ ಸೋಂಕು ಹೆಚ್ಚಲಿಲ್ಲ.

ಎರಡೂ ಪರೀಕ್ಷೆಗಳಲ್ಲಿ ಔಷಧ ಒಂದೇ. ಹಳ್ಳಿಗಳ ಪರೀಕ್ಷೆಯಲ್ಲಿ ಚುಚ್ಚುವುದನ್ನು ಕಲಿಸಿದ್ದರು. ಯಾರಿಗೆ, ಯಾವಾಗ ಎಂದು ತಿಳಿಯುವ ಸಾಧನ ಗಟ್ಟಿಯಾಗಿರಲಿಲ್ಲ, ಆಮೇಲಿನ ಆರೈಕೆಯೂ ಇರಲಿಲ್ಲ. ಆಸ್ಪತ್ರೆಗಳ ಪರೀಕ್ಷೆಯಲ್ಲಿ ಮೂರೂ ಇದ್ದವು. ಹಿಂದೆ ತಿಳಿವು ತಲುಪದೆ ಮಕ್ಕಳು ಸತ್ತರು. ಬೆಳಗಾವಿಯ ಮೊದಲ ಪರೀಕ್ಷೆ ತೋರಿಸಿದ್ದು, ತಿಳಿವು ತಲುಪಿದರೂ ಅದರ ಜೊತೆಗಿರಬೇಕಾದ್ದು ತಲುಪದಿದ್ದರೆ ಸಾವು ತಪ್ಪುವುದಿಲ್ಲ ಎಂಬುದನ್ನು. ಇದನ್ನು ಕಂಡುಕೊಂಡದ್ದೂ ಕಲಿಕೆಯೇ. ಒಳ್ಳೆಯದೆಂದು ಎಲ್ಲರೂ ನಂಬಿದ್ದನ್ನು ಮತ್ತೆ ಅಳೆದು ನೋಡಿದ್ದರಿಂದ ಅದು ಸಾಧ್ಯವಾಯಿತು.

ಭಾರತದಲ್ಲಿ ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ನಿರಂತರ ಶಿಕ್ಷಣ ಪಡೆಯಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳಿತು. ಗಂಟೆಗಳನ್ನು ಲೆಕ್ಕ ಹಾಕುವುದು ಸುಲಭ. ಕಳೆದ ತಿಂಗಳು ನಿಮ್ಮ ಆಸ್ಪತ್ರೆಯಲ್ಲಿ ದಿನ ತುಂಬದೆ ಹೆತ್ತ ಎಷ್ಟು ತಾಯಂದಿರಿಗೆ ಸಮಯಕ್ಕೆ ಚುಚ್ಚುಮದ್ದು ಸಿಕ್ಕಿತು, ಬೇಡದ ಎಷ್ಟು ಜನರಿಗೆ ಕೊಟ್ಟಿರಿ ಎಂದು ವರ್ಷಪೂರ್ತಿ ಕೇಳುತ್ತಿರುವುದು ಕಷ್ಟ. ಅಮೆರಿಕದ ಆ 13 ಆಸ್ಪತ್ರೆಗಳಲ್ಲಿ ಇದನ್ನೇ ಕೇಳಿದ್ದರು.

ಈ ಸರಪಣಿಯ ಮೊದಲ ಕೊಂಡಿ ವೈದ್ಯರ ಬಳಿಯೂ ಇಲ್ಲ. ಬಸುರಿಯ ಮೊದಲ ಭೇಟಿಯಲ್ಲೇ ಕೊನೆಯ ಮುಟ್ಟಿನ ದಿನಾಂಕವನ್ನು ಸರಿಯಾಗಿ ಕೇಳಿ ತಾಯಿ ಕಾರ್ಡಿನಲ್ಲಿ ಬರೆಯುವ ಆರೋಗ್ಯ ಕಾರ್ಯಕರ್ತೆಯ ಕೈಯಲ್ಲಿದೆ. ಆ ದಿನಾಂಕ ಸರಿ ಇದ್ದು, ಆರಂಭದಲ್ಲೇ ಒಂದು ಸ್ಕ್ಯಾನಿಂಗ್ ಆಗಿದ್ದರೆ, ಆರನೆಯ ತಿಂಗಳೋ ಏಳನೆಯ ತಿಂಗಳೋ ನಡುರಾತ್ರಿ ನೋವು ಬಂದಾಗ ಇದು ಎಷ್ಟನೆಯ ವಾರ ಎಂದು ಡ್ಯೂಟಿ ಡಾಕ್ಟರು ಊಹಿಸುತ್ತ ಕೂರಬೇಕಾಗಿಲ್ಲ.